ನೂರಕ್ಕೆ ಐವತ್ತೊಂದು

ಶಿರಸಿ
೧೪ ಡಿಸೆಂಬರ್ ೨೦೨೫

ಜೀನತ್,

ಮೊನ್ನೆ ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡಿದೆವು, ಕೇಳಿದವರು ಯಾರೂ ಇಲ್ಲ. ಮೊದಲು ಕಟ್ ಮಾಡಿದ್ದು ನೀನೋ ನಾನೋ ನೆನಪಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಹೋದ ಸಲದ ಹಾಗೆ ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ತಿರುಗುತ್ತದೆ. ಅದಕ್ಕೇ ಈ ಕಾಗದ. ನಿನ್ನ ತಮ್ಮ ಮೊಯಿನ್ ಗೋಣಿಚೀಲ ಒಯ್ಯಲು ಟೆಂಪೋ ತಂದಾಗ ಅವನ ಕೈಯಲ್ಲಿ ಕೊಡುತ್ತೇನೆ. ಅವನು ಓದುವುದಿಲ್ಲ ಎಂಬ ನಂಬಿಕೆ ನನಗಿದೆ.

ಹೊಸ ಕಾಯ್ದೆ ಕಳೆದ ತಿಂಗಳು ಜಾರಿಗೆ ಬಂದದ್ದು ನಿನಗೂ ಗೊತ್ತು. ನಮ್ಮ ಸಂಘದವರು ಹುಬ್ಬಳ್ಳಿಯಿಂದ ವಕೀಲರನ್ನು ಕರೆಸಿ ಅದನ್ನು ಓದಿಸಿದೆವು. ಸಂಘ ಕಟ್ಟುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಕಂಪನಿಯ ಎದುರು ಕೂತು ಮಾತಾಡುವ ಹಕ್ಕು, ನೂರಕ್ಕೆ ಐವತ್ತೊಂದು ಕೆಲಸಗಾರರು ಯಾವ ಸಂಘದಲ್ಲಿದ್ದಾರೋ ಅದಕ್ಕೆ ಮಾತ್ರ. ಯಾರಿಗೂ ಅಷ್ಟು ಬಲ ಇಲ್ಲದಿದ್ದರೆ ಒಂದು ಮಂಡಳಿ ಮಾಡುತ್ತಾರೆ. ಅದರಲ್ಲಿ ನೂರಕ್ಕೆ ಇಪ್ಪತ್ತು ಇರುವ ಸಂಘಕ್ಕೆ ಒಂದು ಕುರ್ಚಿ, ನಲವತ್ತಿದ್ದರೆ ಎರಡು. ಇಪ್ಪತ್ತು ಮುಟ್ಟದವರು ಹೊರಗೆ.

ಕಂಪನಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮೂರೂ ಅಡಿಕೆ ಶೆಡ್ಡುಗಳನ್ನು ಒಂದೇ ಸಂಸ್ಥೆ ಎಂದು ಲೆಕ್ಕ ಹಿಡಿದಿದೆ. ಒಟ್ಟು ಇನ್ನೂರು ಹೆಂಗಸರು. ನನ್ನ ಸಂಘದಲ್ಲಿ ತೊಂಬತ್ತು, ನೀನು ಯಲ್ಲಾಪುರದಲ್ಲಿ ಬೇರೆ ಮಾಡಿಕೊಂಡದ್ದರಲ್ಲಿ ಮೂವತ್ತೈದು. ಸೇರಿಸಿದರೆ ಅರವತ್ತು ಪರ್ಸೆಂಟಿನ ಮೇಲೆ ಹೋಗುತ್ತದೆ. ಸೇರಿಸದಿದ್ದರೆ ಏನಾಗುತ್ತದೆ ಗೊತ್ತೇ? ಸಿದ್ದಾಪುರದಲ್ಲಿ ಮೂರೂ ಶೆಡ್ಡುಗಳ ಮ್ಯಾನೇಜರ್ ಅನಂತಮೂರ್ತಿ ತಾವೇ ನಿಂತು ಮೂರನೆಯ ಸಂಘ ಮಾಡಿಸುತ್ತಿದ್ದಾರೆ. ಅಲ್ಲಿ ಅಡಿಕೆ ತೂಗುವ ತೂಕದವನನ್ನು ಅಧ್ಯಕ್ಷ ಮಾಡಿ, ಹೆಂಗಸರ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ.

ನಿನ್ನ ಸಂಘವನ್ನು ಮುಚ್ಚಿ ನಮ್ಮೊಳಗೆ ಬಾ. ನೀನು ಯಲ್ಲಾಪುರಕ್ಕೆ ಹೋಗುವ ಮುಂಚೆ ಒಂಬತ್ತು ವರ್ಷ ಇಲ್ಲಿ ಒಂದೇ ಬೆಂಚಿನಲ್ಲಿ ಕೂತು ಅಡಿಕೆ ಆರಿಸಿದವರು ನಾವು. ನಮ್ಮಿಬ್ಬರ ನಡುವೆ ಒಂದು ಸಂಘ ಸಾಲದೇ?

ಉತ್ತರ ಬೇಗ ಬರೆ.
ಮಮತಾ


ಯಲ್ಲಾಪುರ
೨೨ ಡಿಸೆಂಬರ್ ೨೦೨೫

ಮಮತಾ,

ಕಟ್ ಮಾಡಿದ್ದು ನಾನು. ಅಮ್ಮಿ ಪಕ್ಕದಲ್ಲೇ ಇದ್ದರು, ನನ್ನ ದನಿ ಏರಿದ್ದು ನೋಡಿ ಹೆದರಿದ್ದರು.

ನಿನ್ನ ಲೆಕ್ಕ ಸರಿಯಾಗಿದೆ. ನಿನ್ನ ಲೆಕ್ಕ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಆದರೆ ನಾವು ಯಾಕೆ ಬೇರೆ ಆದೆವು ಎನ್ನುವುದನ್ನು ನೀನು ಒಂದು ಸಾಲಿನಲ್ಲೂ ಬರೆಯಲಿಲ್ಲ. ಆದ್ದರಿಂದ ನಾನೇ ಬರೆಯುತ್ತೇನೆ.

ನಮ್ಮ ಶೆಡ್ ಊರ ಹೊರಗೆ ಅಂಕೋಲಾ ರಸ್ತೆಯ ಮೇಲಿದೆ. ಅರ್ಧದಷ್ಟು ಹೆಂಗಸರು ಇಡಗುಂದಿ ಕಡೆಯವರು. ಕೆಲಸ ಬಿಟ್ಟ ಮೇಲೆ ತಿರುವಿನಲ್ಲಿ ನಿಂತು ಬಸ್ಸಿಗೆ ಕಾಯಬೇಕು. ಬಸ್ಸು ಯಲ್ಲಾಪುರದಲ್ಲೇ ತುಂಬಿಕೊಂಡು ಬರುತ್ತದೆ, ಅನೇಕ ದಿನ ನಿಲ್ಲಿಸುವುದೇ ಇಲ್ಲ. ಕತ್ತಲಾಗುವವರೆಗೂ ಹೆದ್ದಾರಿಯ ಅಂಚಿನಲ್ಲಿ, ಘಟ್ಟ ಇಳಿಯುವ ಲಾರಿಗಳ ಗಾಳಿಗೆ ಸೆರಗು ಹಿಡಿದುಕೊಂಡು ನಿಲ್ಲುತ್ತಾರೆ. ನಾವೆಲ್ಲ ಒಂದೇ ಸಂಘದಲ್ಲಿದ್ದಾಗ ಸಂಜೆಗೊಂದು ಗಾಡಿ ಕೊಡಿ ಎಂಬುದು ನಮ್ಮ ಬೇಡಿಕೆಯಾಗಿತ್ತು. ನಿಮ್ಮ ಒಪ್ಪಂದದ ಪಟ್ಟಿಯಲ್ಲಿ ಅದು ಕೊನೆಯದಾಗಿ ಇತ್ತು. ಕಂಪನಿ ಕೂಲಿ ಏರಿಸಲು ಒಪ್ಪಿತು, ನೀವು ಗಾಡಿಯನ್ನು ಬಿಟ್ಟುಕೊಟ್ಟು ಸಹಿ ಹಾಕಿದಿರಿ. ಬಹುಮತ ಶಿರಸಿಯದು. ಶಿರಸಿಯವರು ಪೇಟೆಯಲ್ಲಿ ನಡೆದು ಮನೆಗೆ ಹೋಗುತ್ತಾರೆ.

ಈ ಕಾಯ್ದೆಯನ್ನು ನೀನು ಒಳ್ಳೆಯದು ಅನ್ನುತ್ತೀಯಾ? ಸಂಘ ಕಟ್ಟಿ, ಆದರೆ ಮಾತಾಡಬೇಡಿ ಅನ್ನುವುದು ಎಂಥ ಹಕ್ಕು? ಮೊದಲು ಮೂವತ್ತೈದು ಜನ ಗೇಟಿನೆದುರು ಕೂತರೆ ಅನಂತಮೂರ್ತಿಯವರು ಹೊರಗೆ ಬಂದು ಏನು ಎಂದಾದರೂ ಕೇಳುತ್ತಿದ್ದರು. ಇನ್ನು, ನೀವು ಇಪ್ಪತ್ತು ಪರ್ಸೆಂಟ್ ಇಲ್ಲ, ಹೋಗಿ ಅಂದರಾಯಿತು.

ಆದರೂ ನಾನು ಒಬ್ಬಳೇ ತೀರ್ಮಾನ ಮಾಡುವುದಿಲ್ಲ. ಸಭೆ ಕರೆದಿದ್ದೇನೆ. ನಿನ್ನ ಕಾಗದವನ್ನು ಅಲ್ಲಿ ಓದುತ್ತೇನೆ.

ಜೀನತ್


ಶಿರಸಿ
೨೯ ಡಿಸೆಂಬರ್ ೨೦೨೫

ಜೀನತ್,

ಸಭೆಗೆ ಮುಂಚೆ ಇದು ನಿನಗೆ ಸಿಗಲಿ ಎಂದು ಅವಸರದಲ್ಲಿ ಬರೆಯುತ್ತಿದ್ದೇನೆ.

ಹಳೆಯ ಕಾಯ್ದೆಯಲ್ಲಿ ಸಂಘದ ಜೊತೆ ಮಾತಾಡಲೇಬೇಕೆಂದು ಕಂಪನಿಗೆ ಎಲ್ಲಿ ಹೇಳಿತ್ತು? ಮನಸ್ಸಿದ್ದರೆ ಮಾತು, ಇಲ್ಲದಿದ್ದರೆ ಇಲ್ಲ. ಅನಂತಮೂರ್ತಿ ಗೇಟಿಗೆ ಬಂದು ಏನು ಎಂದು ಕೇಳಿ ಒಳಗೆ ಹೋಗುತ್ತಿದ್ದುದನ್ನು ನೀನು ಹಕ್ಕು ಅನ್ನುತ್ತೀಯಾ? ನಮ್ಮ ಅಧ್ಯಕ್ಷೆ ಬಿಸ್ಮಿಲ್ಲಾ ಬೀ ಮೊದಲ ವರ್ಷ ಮೂರು ತಿಂಗಳು ಆಫೀಸಿನ ಮೆಟ್ಟಿಲ ಮೇಲೆ ಕೂತದ್ದನ್ನು ನೀನೂ ನೋಡಿದ್ದೀಯ. ಒಳಗೆ ಕರೆದರೇ? ಈಗ ಐವತ್ತೊಂದು ಇದ್ದರೆ ಕರೆಯಲೇಬೇಕು. ಕಾಯ್ದೆಯಲ್ಲಿ ಕೆಟ್ಟದ್ದು ಬಹಳ ಇದೆ. ಹದಿನಾಲ್ಕು ದಿನ ಮೊದಲು ನೋಟಿಸ್ ಕೊಡದೆ ಮುಷ್ಕರ ಮಾಡುವಂತಿಲ್ಲ ಎಂಬುದನ್ನು ನಾನೂ ಒಪ್ಪುವುದಿಲ್ಲ. ಆದರೆ ಈ ಒಂದು ಬಾಗಿಲು ತೆರೆದಿದೆ. ನಾವು ಮೂರು ಹೋಳಾಗಿ ನಿಂತರೆ ಒಬ್ಬರೂ ಅದರೊಳಗೆ ತೂರುವುದಿಲ್ಲ.

ಗಾಡಿಯ ವಿಷಯ ಬರೆದದ್ದು ಓದಿದೆ.

ಮಮತಾ


ಯಲ್ಲಾಪುರ
೧೨ ಜನವರಿ ೨೦೨೬

ಮಮತಾ,

ನಿನ್ನೆ ಭಾನುವಾರ ಸಭೆ ಆಯಿತು. ಶಾಲೆಯ ಜಗಲಿಯಲ್ಲಿ ಕೂತಿದ್ದೆವು. ನಿನ್ನ ಎರಡೂ ಕಾಗದಗಳನ್ನು ಓದಿದೆ, ಒಂದು ಶಬ್ದವನ್ನೂ ಬಿಡಲಿಲ್ಲ. ಕೆಲವರ ತಲೆ ಅಲ್ಲಾಡುತ್ತಿತ್ತು. ಒಪ್ಪಿಬಿಡುತ್ತಾರೆ ಅಂದುಕೊಂಡೆ.

ಆಗ ಗಂಗೆ ಎದ್ದಳು. ಅವಳನ್ನು ನೀನು ನೋಡಿಲ್ಲ. ಇಡಗುಂದಿಯವಳು, ಗಂಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ. ನಮ್ಮ ಶೆಡ್ಡಿನಲ್ಲಿ ಅವಳಷ್ಟು ಚುರುಕಾಗಿ ಅಡಿಕೆ ಆರಿಸುವವರಿಲ್ಲ, ಅವಳಷ್ಟು ಗಟ್ಟಿಯಾಗಿ ಜಗಳ ಆಡುವವರೂ ಇಲ್ಲ.

"ಕಾಗದ ಚಂದ ಬರ್ದಿದಾರೆ," ಅಂದಳು. "ಒಟ್ಟಾದ್ರೆ ಬಲ ಬತ್ತದೆ, ಅದು ಹೌದು. ಆದ್ರೆ ಆ ಬಲ ಯಾರ ಕೈಗೆ ಹೋತದೆ? ಹೋದ ಸಾರಿ ನಾವು ಒಟ್ಟಿಗೇ ಇದ್ದಿದ್ವಲ್ಲ, ಎಂತ ಸಿಕ್ತು? ನಮ್ಮ ಮಾತನ್ನ ಅವರು ಆಡ್ತ್ರು ಅಂತ ಕೂತ್ಕಂಡ್ರೆ ಅವರಿಗೆ ಬಾಯಿ ನೋಯೂ ಹೊತ್ತಿಗೆ ನಮ್ಮ ಸರದಿ ಬತ್ತದೆ. ನಮ್ಮ ಮಾತು ನಾವೇ ಆಡುವ. ಕೇಳ್ದಿದ್ರೆ ಕೇಳೂದು ಬೇಡ."

ಕೈ ಎತ್ತಲು ಹೇಳಿದೆ. ಸೇರುವುದು ಬೇಡ ಎಂದವರೇ ಹೆಚ್ಚು. ನಾನು ಅಧ್ಯಕ್ಷತೆ ವಹಿಸಿದ್ದರಿಂದ ಕೈ ಎತ್ತಲಿಲ್ಲ. ಎತ್ತಿದ್ದರೆ ಯಾವ ಕಡೆಗೆ ಎತ್ತುತ್ತಿದ್ದೆ ಎಂದು ಕೇಳಬೇಡ. ಅವರು ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ, ಅವರ ತೀರ್ಮಾನವೇ ನನ್ನದು.

ನಿನಗೆ ಬೇಸರವಾಗುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಜೀನತ್


ಸಿದ್ದಾಪುರ
೯ ಫೆಬ್ರವರಿ ೨೦೨೬

ಜೀನತ್,

ಒಂದು ತಿಂಗಳು ನಿನಗೆ ಬರೆಯಲು ಮನಸ್ಸಾಗಲಿಲ್ಲ. ಈಗ ತವರಿಗೆ ಬಂದಿದ್ದೇನೆ. ಅಣ್ಣನ ಮನೆಯಲ್ಲಿ ಉಳಿದು, ಇಲ್ಲಿಯ ಶೆಡ್ಡಿನವರನ್ನು ಒಬ್ಬೊಬ್ಬರಾಗಿ ಮನೆಗೆ ಹೋಗಿ ಕಂಡೆ. ನೀವು ಬರದಿದ್ದರೆ ಇವರಾದರೂ ಬಂದಾರು ಎಂದು.

ಶಾರದವ್ವ ಎಂಬವರು ಇಲ್ಲಿ ಎಲ್ಲರಿಗಿಂತ ಹಿರಿಯರು. ಅವರು ಹೇಳಿದರೆ ಉಳಿದವರು ಕೇಳುತ್ತಾರೆ. ಅಂಗಳದಲ್ಲಿ ಮಣೆ ಕೊಟ್ಟು ಕೂರಿಸಿದರು, ಬೆಲ್ಲ ನೀರು ಕೊಟ್ಟರು.

"ಆ ಸಂಘ ಕಂಪನಿದು ಅಂತ ಗೊತ್ತಿಲ್ದೆ ಸೈನ್ ಹಾಕಿದ್ರಾ?" ಎಂದು ಕೇಳಿದೆ.

"ಗೊತ್ತಿಲ್ದೆ ಎಂತ ತಂಗೀ," ಅಂದರು. "ಕಂಪನಿದೇ ಅಂತ ಗೊತ್ತಿತ್ತು, ಅದಕ್ಕೇ ಹಾಕಿದ್ದು. ನಿಮ್ಮ ಸಂಘಕ್ಕೆ ಹಾಕ್ಲಿಲ್ಲ ಅಂದ್ರೆ ನೀವು ಎಂತ ಮಾಡ್ತ್ರಿ? ಸಿಟ್ಟು ಮಾಡ್ಕಳ್ತ್ರಿ. ಅವರಿಗೆ ಹಾಕ್ಲಿಲ್ಲ ಅಂದ್ರೆ ನಾಳಿಂದ ಬರೂದು ಬೇಡ ಅಂತಾರೆ."

ವಕೀಲರು ಓದಿದ ಕಾಯ್ದೆಯಲ್ಲಿ ಬಲವಂತದ ಸಹಿ ಅಪರಾಧ ಎಂದು ಇದೆ. ಅದನ್ನು ಹೇಳಿದೆ. ಶಾರದವ್ವ ನನ್ನನ್ನು ನೋಡಿ ನಕ್ಕರು. ಕುಹಕದ ನಗೆಯಲ್ಲ. ಮಗುವಿನ ಮಾತಿಗೆ ನಗುವಂತೆ.

ನಿಮ್ಮ ಗಂಗೆಗೆ ಹೇಳು, ಅವಳಿಗೆ ಬಾಯಿ ಇದೆ. ಇಲ್ಲಿಯವರಿಗೆ ಅದೂ ಇಲ್ಲ. ನಾವು ಒಂದಾಗಿ ಗಟ್ಟಿಯಾಗಿ ನಿಂತಿದ್ದರೆ ಇವರು ಹೆದರದೆ ನಮ್ಮ ಕಡೆ ಬರುತ್ತಿದ್ದರೋ ಏನೋ. ನೀನು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಭೆ ಬೇರೆಯಾಗುತ್ತಿತ್ತು. ನೀನು ಹೇಳಲಿಲ್ಲ.

ಮಮತಾ


ಶಿರಸಿ
೫ ಮಾರ್ಚ್ ೨೦೨೬

ಯಲ್ಲಾಪುರ ಸಂಘದ ಕಾರ್ಯದರ್ಶಿಯವರಿಗೆ,

ಯಾವ ಸಂಘದಲ್ಲಿ ಎಷ್ಟು ಜನ ಎಂಬ ಕರಡು ಲೆಕ್ಕ ಇವತ್ತು ನೋಟಿಸ್ ಬೋರ್ಡಿಗೆ ಬಂತು. ನಿಮ್ಮಲ್ಲೂ ಹಾಕಿರಬಹುದು. ನಮಗೆ ನಲವತ್ತೈದು ಪರ್ಸೆಂಟ್, ಮಂಡಳಿಯಲ್ಲಿ ಎರಡು ಕುರ್ಚಿ. ಕಂಪನಿಯ ಸಂಘಕ್ಕೆ ಮೂವತ್ತನಾಲ್ಕು, ಒಂದು ಕುರ್ಚಿ. ನಿಮಗೆ ಹದಿನೇಳೂವರೆ. ಕುರ್ಚಿ ಇಲ್ಲ.

ಏಪ್ರಿಲ್ ಕೊನೆಗೆ ಅಂತಿಮ ಲೆಕ್ಕ. ಅದಾದ ಮೇಲೆ ಮೂರು ವರ್ಷ ಬದಲಾವಣೆ ಇಲ್ಲ.

ಮಮತಾ


ಯಲ್ಲಾಪುರ
೨೩ ಮಾರ್ಚ್ ೨೦೨೬

ಮಮತಾ,

ಈದ್ ಮುಗಿಯಿತು. ಪ್ರತಿ ವರ್ಷ ನಿನಗೆ ಕಳಿಸುತ್ತಿದ್ದ ಶೀರ್ ಕುರ್ಮಾ ಈ ಸಲ ಮಾಡಲೇ ಇಲ್ಲ. ಅದಕ್ಕೆ ಕಾರಣ ನೀನಲ್ಲ.

ಕಳೆದ ಮಂಗಳವಾರ ಸಂಜೆ. ನನಗೆ ರೋಜಾ ಇತ್ತು, ಇಫ್ತಾರಿಗೆ ಮನೆ ಸೇರಬೇಕೆಂದು ಬೇಗ ಹೊರಟಿದ್ದೆ. ತಿರುವಿನಲ್ಲಿ ಎಂಟು ಹೆಂಗಸರು ನಿಂತಿದ್ದರು. "ಬಸ್ ಬಂದ್ರೆ ನಿಲ್ಸೂಕೆ ಹೇಳಿ ಹೋಗೇ," ಎಂದು ಗಂಗೆ ನಗುತ್ತ ಕೂಗಿದಳು. ಕೈಯಾಡಿಸಿ ಮುಂದೆ ಹೋದೆ. ನೂರು ಮಾರು ಹೋಗಿರಲಿಲ್ಲ, ಹಿಂದೆ ಬ್ರೇಕಿನ ಸದ್ದು, ಆಮೇಲೆ ಕೂಗು. ಎದುರಿನಿಂದ ಬಂದ ಲಾರಿಗೆ ದಾರಿ ಬಿಡಲು ಹೋಗಿ ಇನ್ನೊಂದು ಲಾರಿ ಅಂಚಿಗೆ ಇಳಿದಿತ್ತು. ಉಳಿದವರು ಚರಂಡಿಗೆ ಹಾರಿದ್ದರು. ಗಂಗೆ ಪಕ್ಕದವಳನ್ನು ತಳ್ಳಿದಳಂತೆ, ತಾನು ಹಾರಲಾಗಲಿಲ್ಲ.

ಮೊಯಿನ್‌ನ ಟೆಂಪೋದಲ್ಲಿ ಗೋಣಿಚೀಲ ಹಾಸಿ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದೆವು. ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ.

ಮರುದಿನ ನಾವು ಕೆಲಸಕ್ಕೆ ಕೂರಲಿಲ್ಲ. ಅನಂತಮೂರ್ತಿಯವರು ಬಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು.

"ನೋಡಮ್ಮಾ, ನಂಗೂ ಹೊಟ್ಟೆ ಉರೀತದೆ. ಆದ್ರೆ ಕೆಲಸ ಬಿಟ್ಟ ಮೇಲೆ, ಗೇಟಿನ ಹೊರಗೆ ಆಗಿದ್ದು. ಗಾಡಿ ವಿಷ್ಯ ಮಂಡಳಿಲಿ ಬರ್ಬೇಕು. ನಿಮ್ಮ ಸಂಘ ಮಂಡಳಿಲಿ ಇಲ್ಲ. ನಾ ನಿಮ್ಮ ಹತ್ರ ಮಾತಾಡಿದ್ರೆ ನನ್ ಮೇಲೇ ಕಂಪ್ಲೇಂಟ್ ಆಗ್ತದೆ. ಈಗ ಎಲ್ಲ ಕಾಯ್ದೆ ಪ್ರಕಾರ."

ನೋಟಿಸ್ ಇಲ್ಲದ ಮುಷ್ಕರ ಎಂದು ನಮ್ಮ ಕೂಲಿಯನ್ನೂ ಹಿಡಿದಿದ್ದಾರೆ.

ನಾನು ಯಾಕೆ ನಿನಗೆ ಬರೆಯುತ್ತಿದ್ದೇನೆ ಗೊತ್ತಿಲ್ಲ. ಬೇರೆ ಯಾರಿಗೆ ಬರೆಯಲಿ?

ಜೀನತ್


ಶಿರಸಿ
೬ ಏಪ್ರಿಲ್ ೨೦೨೬

ಪ್ರೀತಿಯ ಜೀನತ್,

ನಿನ್ನ ಕಾಗದ ಸಿಕ್ಕ ಮರುದಿನವೇ ಹುಬ್ಬಳ್ಳಿಗೆ ಹೋಗಿಬಂದೆ. ನಿನಗೆ ಹೇಳಲಿಲ್ಲ. ಹೇಳಿದರೆ ನೀನೂ ಬರುತ್ತಿದ್ದೆ, ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ.

ಗಂಗೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳ ಗಂಡ ಎಬ್ಬಿಸಿದ. "ಶಿರಸಿ ಮಮತಾ," ಎಂದೆ. ಕಣ್ಣು ಬಿಟ್ಟು ನನ್ನ ಕಡೆ ತಿರುಗಿದಳು.

"ಕಾಗದ ಬರ್ದವ್ರು ನೀವೇಯಾ?"

"ಹೌದು."

"ಸೇರೂದು ಬೇಡ ಅಂದಿದ್ದಕ್ಕೆ ನಿಮ್ಗೆ ಸಿಟ್ಟು ಬಂದಿತ್ತಾ?"

"ಬಂದಿತ್ತು," ಎಂದೆ. ಸುಳ್ಳು ಹೇಳುವ ಜಾಗವಲ್ಲ ಅದು.

"ಈಗ್ಲೂ ಬೇಡ ಅಂತ್ಲೇ ಹೇಳ್ತೆ," ಅಂದಳು. "ಕಾಲು ಹೋಯ್ತು ಅಂತ ಮಾತು ಬದ್ಲಿ ಮಾಡೂದಿಲ್ಲ."

ಆಮೇಲೆ ನನ್ನ ಊಟ ಆಯಿತೇ ಎಂದು ಕೇಳಿದಳು.

ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದೆ. ನಾನು ಹೇಳಿದ್ದು ತಪ್ಪು ಎಂದು ಈಗಲೂ ಅನಿಸುವುದಿಲ್ಲ. ಒಂದಾಗಿದ್ದರೆ ಗಾಡಿಯನ್ನು ಕೇಳುವ ಬಲ ಇರುತ್ತಿತ್ತು. ಆದರೆ ಬಲ ಇದ್ದಾಗ ನಾವು ಕೇಳಿರಲಿಲ್ಲ ಎಂಬುದೂ ಅಷ್ಟೇ ನಿಜ. ಎರಡೂ ನಿಜವಾದರೆ ಏನು ಮಾಡಬೇಕು?

ಭಾನುವಾರ ಕಮಿಟಿ ಕರೆದೆ. ಗಾಡಿಯನ್ನು ನಮ್ಮ ಬೇಡಿಕೆಗಳಲ್ಲಿ ಮೊದಲು ಇಡೋಣ ಎಂದೆ. "ಒಂದು ಕೊಟ್ಟು ಇನ್ನೊಂದು ಕಿತ್ಕತ್ತಾರೆ. ಗಾಡಿ ಕೊಟ್ಟು ಕೂಲಿಗೆ ಕೈಯೆತ್ತಿದ್ರೆ ಇಲ್ಲಿಯವ್ರಿಗೆ ಎಂತ ಹೇಳ್ತೀ?" ಅಂದರು ಕಮಿಟಿಯವರು. ಅದಕ್ಕೆ ಇನ್ನೊಂದು ದಾರಿ ಹೇಳಿದೆ. ಯಲ್ಲಾಪುರಕ್ಕೆ ಇಪ್ಪತ್ತು ಪರ್ಸೆಂಟ್ ಆಗಲು ಐದು ಜನ ಕಡಿಮೆ. ನಮಗೆ ನಲವತ್ತಕ್ಕಿಂತ ಹತ್ತು ಜನ ಹೆಚ್ಚಿಗಿದ್ದಾರೆ. ನಮ್ಮಲ್ಲಿ ಐದು ಜನ ರಾಜೀನಾಮೆ ಕೊಟ್ಟು ಅವರ ಸಂಘಕ್ಕೆ ಸೇರಿದರೆ ನಮ್ಮ ಎರಡು ಕುರ್ಚಿಗೆ ತೊಂದರೆಯಿಲ್ಲ, ಅವರಿಗೊಂದು ಸಿಗುತ್ತದೆ.

ಬಿಸ್ಮಿಲ್ಲಾ ಬೀ ಎಲೆಯಡಿಕೆ ಡಬ್ಬಿ ಮುಚ್ಚಿದರು. "ಐದು ಅಂತ ಹೇಳ್ತೀ. ಬಾಗಿಲು ತೆಗೆದ್ರೆ ಹದಿನೈದು ಹೋಗ್ತಾರೆ. ನಮ್ಮದೇ ಒಂದು ಕುರ್ಚಿ ಹೋಗ್ತದೆ. ಈ ಸಂಘ ಕಟ್ಟೂಕೆ ನಾನು ಎಷ್ಟು ಬಾಗಿಲು ತಟ್ಟಿದೀನಿ ಗೊತ್ತಾ ನಿಂಗೆ?"

"ಗೊತ್ತು ಬೀ."

"ಗೊತ್ತಿದ್ರೆ ಈ ಮಾತು ಬರ್ತಿರ್ಲಿಲ್ಲ."

ಯಾರೂ ನನ್ನ ಕಡೆ ಮಾತಾಡಲಿಲ್ಲ. ಬೇರೆಯವರಿಗೆ ಹೋಗಿ ಎಂದು ಹೇಳುವ ಹಕ್ಕು ನನಗಿಲ್ಲ. ನಾನು ಹೋಗಬಹುದು. ಹಾಗೆ ಮಾಡೋಣ ಎಂದಿದ್ದೇನೆ.

ನಿನ್ನ
ಮಮತಾ


ಯಲ್ಲಾಪುರ
೧೦ ಏಪ್ರಿಲ್ ೨೦೨೬

ಮಮತಾ,

ಬೇಡ.

ಹನ್ನೊಂದು ವರ್ಷ ನೀನು ಆ ಸಂಘದ ಕಾರ್ಯದರ್ಶಿ. ಮಂಡಳಿಯಲ್ಲಿ ಕೂರಬೇಕಾದವಳು ನೀನು. ನಿನ್ನಷ್ಟು ಕಾಯ್ದೆ ಓದಿದವರು ಮೂರು ಶೆಡ್ಡಿನಲ್ಲೂ ಇಲ್ಲ. ನೀನೊಬ್ಬಳು ಬಂದರೆ ಮೂವತ್ತಾರು. ಆಗಲೂ ನಾವು ಹೊರಗೇ. ನಿನ್ನ ಸಂಘವೂ ಹೋಯಿತು, ನಮ್ಮ ಕುರ್ಚಿಯೂ ಇಲ್ಲ. ಉಳಿದ ನಾಲ್ಕು ಜನ ಎಲ್ಲಿಂದ ಬರುತ್ತಾರೆ?

ಗಂಗೆಯ ಕಾಲಿಗೆ ನೀನು ಉತ್ತರ ಕೊಡಬೇಕಾಗಿಲ್ಲ. ಡಿಸೆಂಬರಿನಲ್ಲಿ ನಾನು ಬರೆದ ಕಾಗದ ನಿನ್ನ ಮನಸ್ಸಿನಲ್ಲಿ ಕೂತಿದ್ದರೆ ಅದನ್ನು ಹರಿದುಹಾಕು. ಸಿಟ್ಟಿನಲ್ಲಿ ಬರೆದದ್ದು.

ಇದನ್ನು ಮೊಯಿನ್ ಕೈಯಲ್ಲಿ ಇವತ್ತೇ ಕಳಿಸುತ್ತಿದ್ದೇನೆ. ಅವನ ಎದುರೇ ಓದು, ಅವನ ಹತ್ತಿರವೇ ಉತ್ತರ ಹೇಳಿ ಕಳಿಸು.

ಜೀನತ್


ಶಿರಸಿ
೨೦ ಏಪ್ರಿಲ್ ೨೦೨೬

ಕಾರ್ಯದರ್ಶಿಯವರಿಗೆ,

ಶಿರಸಿ ಶೆಡ್ಡಿನಲ್ಲಿ ಅಡಿಕೆ ಆರಿಸುವ ಕೆಲಸ ಮಾಡುವ ನಾನು ನಿಮ್ಮ ಸಂಘದ ಸದಸ್ಯೆಯಾಗಲು ಬಯಸುತ್ತೇನೆ. ಸಂಘದ ನಿಯಮಗಳಿಗೆ ಮತ್ತು ಸಭೆಯ ತೀರ್ಮಾನಗಳಿಗೆ ಬದ್ಧಳಾಗಿರುತ್ತೇನೆ. ನನ್ನ ಅರ್ಜಿಯನ್ನು ದಯವಿಟ್ಟು ಸ್ವೀಕರಿಸಬೇಕು.

ಮಮತಾ

ಜೀನತ್, ಇನ್ನು ನಿನಗೆ. ಮೊಯಿನ್ ಹತ್ತಿರ ಉತ್ತರ ಹೇಳಿ ಕಳಿಸದಿದ್ದುದಕ್ಕೆ ಬೇಸರಿಸಬೇಡ, ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಶುಕ್ರವಾರ ಬಿಸ್ಮಿಲ್ಲಾ ಬೀ ಕೈಗೆ ರಾಜೀನಾಮೆ ಕೊಟ್ಟೆ. ಅವರು ಓದಲಿಲ್ಲ. ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದರು.

ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ನನ್ನ ಪಕ್ಕ ಯಾರೂ ಕೂರಲಿಲ್ಲ. ನಾನು ಡಬ್ಬಿ ಬಿಚ್ಚಿಕೊಂಡು ಒಬ್ಬಳೇ ಕೂತಿದ್ದಾಗ ಮಂಜಿ ಬಂದಳು. ಬಾಗಿಲ ಹತ್ತಿರದ ಬೆಂಚಿನವಳು, ನೆನಪಿದೆಯೇ? ಸಭೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. "ಅಕ್ಕಾ, ಯಲ್ಲಾಪುರದ್ದಕ್ಕೆ ಸೈನ್ ಎಲ್ಲಿ ಹಾಕೂದು?" ಎಂದು ಕೇಳಿದಳು. ಯಾಕೆ ಎಂದೆ. "ನನ್ ತಂಗಿ ಇಡಗುಂದಿಗೆ ಕೊಟ್ಟಿದ್ದು. ಅವಳೂ ಅದೇ ತಿರುವಲ್ಲಿ ನಿಲ್ತಾಳೆ," ಅಂದಳು. ಅಷ್ಟು ವರ್ಷ ಒಟ್ಟಿಗಿದ್ದೂ ಅವಳ ತಂಗಿ ನಿಮ್ಮ ಶೆಡ್ಡಿನಲ್ಲಿ ಇರುವುದು ನನಗೆ ಗೊತ್ತಿರಲಿಲ್ಲ.

ಶನಿವಾರ ಇಬ್ಬರು ಬಂದರು. ಇವತ್ತು ಬೆಳಿಗ್ಗೆ ಇನ್ನೊಬ್ಬಳು. ಅರ್ಜಿಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ. ಆರನೆಯವಳು ಕೇಳಿದಾಗ ಬೇಡ ಎಂದು ಹಿಂದೆ ಕಳಿಸಿದೆ. ಬಿಸ್ಮಿಲ್ಲಾ ಬೀ ದೂರದಿಂದ ನೋಡುತ್ತಿದ್ದರು.

ಮ.


ಯಲ್ಲಾಪುರ
೮ ಜೂನ್ ೨೦೨೬

ಮಮತಾ,

ಮಂಡಳಿಯ ಮೊದಲ ಸಭೆ ಶನಿವಾರ ಆಯಿತು. ಶಿರಸಿಯ ಆಫೀಸಿನಲ್ಲೇ. ನೀನು ಕೆಳಗೆ ಬೆಂಚಿನಲ್ಲಿ ಅಡಿಕೆ ಆರಿಸುತ್ತಿದ್ದೆ, ನಾನು ನಿನ್ನ ಬದಿಯಿಂದಲೇ ಹಾದು ಮೆಟ್ಟಿಲು ಹತ್ತಿದೆ. ನೀನು ತಲೆ ಎತ್ತಲಿಲ್ಲ. ಎತ್ತಿದ್ದರೆ ನಾನು ಮೇಲೆ ಹೋಗುತ್ತಿರಲಿಲ್ಲ. ಸಂಜೆ ಬಸ್ಸಿನ ಗಡಿಬಿಡಿಯಲ್ಲಿ ಮಾತಾಡಲಾಗಲಿಲ್ಲ. ಅದಕ್ಕೆ ಎಲ್ಲವನ್ನೂ ಬರೆಯುತ್ತೇನೆ.

ಮೇಜಿನ ಆ ಕಡೆ ಅನಂತಮೂರ್ತಿಯವರು ಮತ್ತು ಕಂಪನಿಯ ವಕೀಲರು. ಈ ಕಡೆ ಬಿಸ್ಮಿಲ್ಲಾ ಖಾಲಾ, ನಿನ್ನ ಜಾಗಕ್ಕೆ ಬಂದ ಹೊಸ ಕಾರ್ಯದರ್ಶಿ, ಸಿದ್ದಾಪುರದ ತೂಕದವನು, ಕೊನೆಯಲ್ಲಿ ನಾನು. ಖಾಲಾ ನನ್ನ ಸಲಾಮಿಗೆ ಉತ್ತರ ಕೊಟ್ಟರು, ಮುಖ ನೋಡಲಿಲ್ಲ.

ಕೂಲಿಯ ಮಾತು ಬಹಳ ಹೊತ್ತು ನಡೆಯಿತು. ನನ್ನ ಸರದಿ ಬಂದಾಗ ಗಾಡಿಯ ವಿಷಯ ಹೇಳಿದೆ. ಬರೆದುಕೊಂಡು ಹೋದದ್ದು ಮರೆತುಹೋಯಿತು. ಗಂಗೆಯ ಚಪ್ಪಲಿಯೊಂದು ಇನ್ನೂ ಚರಂಡಿಯಲ್ಲಿ ಬಿದ್ದಿದೆ, ಯಾರೂ ಎತ್ತುವುದಿಲ್ಲ, ಹೆಂಗಸರು ಅದರ ಪಕ್ಕದಲ್ಲೇ ನಿಂತು ಬಸ್ಸಿಗೆ ಕಾಯುತ್ತಾರೆ ಎಂದೆ.

ವಕೀಲರು ಕಾಗದ ತಿರುವಿ, "ಇದು ಮಂಡಳಿಯ ಬಹುಮತದ ಬೇಡಿಕೆಯೋ, ಇವರೊಬ್ಬರದೋ?" ಎಂದು ಕೇಳಿದರು. ತೂಕದವನು ಕಿಟಕಿ ನೋಡುತ್ತಿದ್ದ. ಹೊಸ ಕಾರ್ಯದರ್ಶಿ ಖಾಲಾರ ಮುಖ ನೋಡಿದಳು. ಖಾಲಾ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಎಲ್ಲ ಮುಗಿಯಿತು ಎಂದು ನಾನು ಕಾಗದ ಮಡಚತೊಡಗಿದೆ.

"ಬರ್ಕೊಳ್ರಿ," ಅಂದರು ಖಾಲಾ. "ಗಾಡಿ ನಮ್ಮ ಸಂಘದ್ದೂ ಬೇಡಿಕೆ. ಇಬ್ಬರದೂ. ಮೂರು ಆಯ್ತಲ್ಲ?"

ಗಾಡಿ ಜುಲೈ ಒಂದರಿಂದ ಬರುತ್ತದೆ. ಸಂಜೆ ಮಾತ್ರ. ಬೆಳಿಗ್ಗೆಯದಕ್ಕೆ ಒಪ್ಪಲಿಲ್ಲ. ಗಂಗೆಗೆ ಕೂತು ಮಾಡುವ ಕೆಲಸ ಕೊಡುವುದನ್ನು ಪರಿಶೀಲಿಸುತ್ತೇವೆ ಅಂದಿದ್ದಾರೆ. ನಾವು ಮಾಡುವುದೆಲ್ಲ ಕೂತು ಮಾಡುವ ಕೆಲಸವೇ ಎಂದು ನಾನು ಹೇಳಬೇಕಾಯಿತು.

ಹೊರಗೆ ಬಂದ ಮೇಲೆ ಖಾಲಾರ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡರು. "ಮಮತಾಗೆ ಹೇಳು ಬೇಟಿ, ಅವಳು ಮಾಡಿದ್ದು ನಾನು ಮಾಫ್ ಮಾಡಿಲ್ಲ," ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಹೇಳು ಅಂದದ್ದರಿಂದ ಹೇಳುತ್ತಿದ್ದೇನೆ.

ನಿನ್ನ
ಜೀನತ್


ಶಿರಸಿ
೨೧ ಜೂನ್ ೨೦೨೬

ಜೀನತ್,

ಬಿಸ್ಮಿಲ್ಲಾ ಬೀ ಈಗಲೂ ನನ್ನ ಎದುರಿನ ಬೆಂಚಿನಲ್ಲೇ ಕೂರುತ್ತಾರೆ. ನಾವು ಮಾತಾಡುವುದಿಲ್ಲ. ಮಾತಾಡುವ ದಿನ ಬರುತ್ತದೆ ಎಂದು ನಾನು ನಂಬಿಕೊಂಡಿಲ್ಲ. ಅವರು ಕಟ್ಟಿದ್ದನ್ನು ನಾನು ಬಿಟ್ಟುಬಂದದ್ದು ನಿಜ, ಅವರ ಕೋಪ ನ್ಯಾಯವಾದದ್ದು.

ನೀನು ಮೇಲೆ ಹೋದಾಗ ನಾನು ತಲೆ ಎತ್ತಲಿಲ್ಲ ಎಂದು ಬರೆದಿದ್ದೀಯ. ಎತ್ತಿದ್ದೆ. ನೀನು ಅಷ್ಟರಲ್ಲಿ ತಿರುಗಿದ್ದೆ.

ಈಗ ಒಂದು ವಿಷಯ ಬರೆಯಬೇಕು, ಮುಂದಿನ ಸಭೆಯಲ್ಲಿ ನೀನು ಇದನ್ನು ಇಡಬೇಕು. ನಿನ್ನೆ ಅಣ್ಣನ ಮನೆಗೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಸಿದ್ದಾಪುರದ ಬಸ್ಸಿನಿಂದ ಶಾರದವ್ವ ಇಳಿದರು. ಮಗಳಿಗೆ ಔಷಧಿ ಒಯ್ಯಲು ಬಂದಿದ್ದರಂತೆ. ನನ್ನನ್ನು ನೋಡಿ ನಿಂತರು, ಆಚೆ ಈಚೆ ನೋಡಿದರು, ಆಮೇಲೆ ತೋಳು ಹಿಡಿದು ಹಣ್ಣಿನ ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದರು.

"ಯಲ್ಲಾಪುರದವ್ಕೆ ಗಾಡಿ ಸಿಕ್ತಂತೆ, ಹೌದನಾ?"

"ಹೌದು."

"ಮೂವತ್ತು ಚಿಲ್ಲರೆ ಜನಕ್ಕೆ?"

"ನಲವತ್ತು ಆಗಿದ್ರು."

ಬೆರಳು ಮಡಚುತ್ತ ಏನೋ ಲೆಕ್ಕ ಹಾಕಿದರು. "ನಾವು ಬೇರೆ ಮಾಡ್ಕಳೂದಾದ್ರೆ ಎಷ್ಟು ಜನ ಬೇಕು ತಂಗೀ?"

ಜೀನತ್, ಆರು ತಿಂಗಳ ಹಿಂದೆ ನಾನು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದೆ. ಇಷ್ಟು ಸಹಿ, ಇಷ್ಟು ಪರ್ಸೆಂಟ್, ಬೇರೆ ಮಾಡಬೇಡಿ, ನಮ್ಮೊಳಗೆ ಬನ್ನಿ. ಎಲ್ಲ ಬಾಯಿಯ ತುದಿಯಲ್ಲೇ ಇತ್ತು.

"ಎಷ್ಟು ಜನ ಅನ್ನೂದು ಆಮೇಲೆ ನೋಡುವ ಶಾರದವ್ವಾ," ಎಂದೆ. "ನಿಮ್ಗೆ ಎಂತ ಬೇಕು, ಅದು ಮೊದ್ಲು ಹೇಳಿ."

ಅವರು ನನ್ನ ತೋಳು ಬಿಟ್ಟರು. ಅರವತ್ತು ದಾಟಿದ ಹೆಂಗಸು, ನಾಚಿಕೆಯಿಂದ ಮುಖ ಕೆಳಗೆ ಹಾಕಿದರು. ಬಸ್ಸುಗಳ ಗದ್ದಲದಲ್ಲಿ ಮೊದಲ ಸಲ ನನಗೆ ಕೇಳಲಿಲ್ಲ. ಬಗ್ಗಿ ಕಿವಿ ಕೊಟ್ಟೆ.

"ಪಾಯಿಖಾನೆ ಬಾಗ್ಲಿಗೆ ಚಿಲಕ ಇಲ್ಲೆ," ಅಂದರು. "ಮೊದ್ಲಿಂದ್ಲೂ ಇಲ್ಲೆ. ಒಬ್ಳು ಒಳಗೆ ಹೋದ್ರೆ ಇನ್ನೊಬ್ಳು ಹೊರಗೆ ಬಾಗ್ಲು ಹಿಡ್ಕಂಡು ನಿಲ್ಲೂದು."

ಮಮತಾ